ಡ್ರಿಲ್ ಮಾಷ್ಟ್ರ ಕಾಲಿನ ಪರೀಕ್ಷೆ

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಡ್ರಿಲ್ ಮಾಷ್ಟ್ರ ಬಲಗಾಲಿನ ಕ್ಯಾನ್ವಾಸ್ ಶೂ ಹೊರಕ್ಕೆ ವಾಲಿತು. ಎಲ್ಲರಿಗೂ ತೋರಿಸಲು ಒಂಟಿಕಾಲಲ್ಲಿ ನಿಂತು, ಕೈಗಳನ್ನು ಅಗಲಿಸಿ, ಅವರು ಇನ್ನೂ ನಗುತ್ತಲೇ ಇದ್ದರು. ಪಾದ ಹೊರಳಿದ್ದು ಅವರಿಗೇ ತಿಳಿದಿರಲಿಲ್ಲ. ಸೆಕೆಂಡು ಎಣಿಸಲು ನನ್ನ ಕೈಯಲ್ಲಿ ಮೊಬೈಲ್ ಇತ್ತು. ಅದಕ್ಕೇ ಸಮಯ ಅಷ್ಟು ಖಚಿತ. ಮರುಕ್ಷಣ ಅವರು ಪಕ್ಕದಲ್ಲಿದ್ದ ನನ್ನ ಅಮ್ಮನ ಹೆಗಲಿಗೆ ಕೈ ಹಾಕಿದರು. ಇಬ್ಬರೂ ಸಿಮೆಂಟ್ ನೆಲಕ್ಕೆ ಬಿದ್ದರು.

ಅವರು ಹೈಸ್ಕೂಲಿನಲ್ಲಿ ನನಗೆ ವ್ಯಾಯಾಮ ಕಲಿಸಿದವರು. ನಿವೃತ್ತರಾದ ಮೇಲೆ ಸಿದ್ಧಕಟ್ಟೆಯ ತಮ್ಮ ಮನೆಯ ತಗಡಿನ ಚಪ್ಪರದಡಿ, ವಯಸ್ಸಾದವರಿಗೆ ಬೀಳದಂತೆ ನಡೆಯುವ ವ್ಯಾಯಾಮ ಹೇಳಿಕೊಡುತ್ತಿದ್ದರು. ಮೂಡಬಿದಿರೆಯ ಕಾಲೇಜಿಗೆ ಪಾಠ ಮಾಡಲು ಹೊರಡುವ ಮೊದಲು ನಾನು ಅವರಿಗೆ ನೆರವಾಗುತ್ತಿದ್ದೆ. ಅಮ್ಮನನ್ನು ಅಲ್ಲಿಗೆ ಕರೆದೊಯ್ದವಳೂ ನಾನೇ.

ಯಾರೇ ಬರಲಿ, ಮೊದಲು ಪರೀಕ್ಷೆ. ಕೈ ಊರದೆ ಕುರ್ಚಿಯಿಂದ ಏಳಬೇಕು. ಪಾದ ಜೋಡಿಸಿ ನಿಲ್ಲಬೇಕು, ಆಮೇಲೆ ಒಂದರ ಮುಂದೊಂದು ಇಟ್ಟು, ಕೊನೆಗೆ ಒಂಟಿಕಾಲಲ್ಲಿ. ಹಿಡಿಯಲು ಎದುರಿಗೆ ಮೇಜು, ಪಕ್ಕದಲ್ಲಿ ಒಬ್ಬರು. ಎಲ್ಲಿ ತಡವರಿಸಿದರೋ ವ್ಯಾಯಾಮ ಅಲ್ಲಿಂದ ಶುರು. ನಮ್ಮೂರಿನವರಿಗೆ ಇದೊಂದು ಅವಮಾನ.

"ಹುಲ್ಲಿನ ಹೊರೆ ಹೊತ್ತು ಕಾಲುಸಂಕ ದಾಟಿದವಳು ನಾನು. ನನಗೆಂಥ ಪರೀಕ್ಷೆ ಮಾಷ್ಟ್ರೆ?" ಎಂದು ಮೊದಲ ದಿನ ಅಮ್ಮ ಕೇಳಿದ್ದಳು. ನೀರಿನ ತೋಡಿಗೆ ಅಡ್ಡ ಹಾಕಿದ ಒಂಟಿ ಮರದ ಮೇಲೆ ನಡೆದು ಬೆಳೆದವಳು ಅವಳು.

"ದಾಟಿದ್ದು ಯಾವ ಕಾಲದಲ್ಲಿ ಮಾರಾಯ್ರೆ? ಆ ಕಾಲು ಈಗ ಉಂಟಾ ನೋಡುವ," ಎಂದಿದ್ದರು ಅವರು. ಅಮ್ಮ ನಕ್ಕು ಕುರ್ಚಿಯಲ್ಲಿ ಕೂತಳು.

ಒಮ್ಮೆ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಮಾಷ್ಟ್ರ ಒಂದು ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಬಿಸಿ ಡಾಮರಿನ ಮೇಲೆ ಹತ್ತು ಹೆಜ್ಜೆ ಹಾಗೇ ನಡೆದರು. ನಾನು ಕೂಗಿದಾಗ, "ತಲೆ ಎಲ್ಲೋ ಇತ್ತು ಮಾರಾಯ್ತಿ," ಎಂದರು. ಮರುದಿನದಿಂದ ಶೂ. ಚೆಂದ ಉಂಟು ಸರ್ ಎಂದು ನಾನು ಹೊಗಳಿದ್ದೆ.

ಆ ಬೆಳಿಗ್ಗೆ ಬಿದ್ದಲ್ಲಿಂದಲೇ ಅವರು ಕೂಗಿದರು: "ಅವರನ್ನು ಎಬ್ಬಿಸ್ಬೇಡಿ! ಎಲ್ಲಿ ನೋವು ಕೇಳಿ ಮೊದಲು!" ಅಮ್ಮನ ತೋಳಿಗೆ ಕೈ ಹಾಕಿದ್ದವರು ಬಿಟ್ಟರು. ಅಮ್ಮನ ಸೊಂಟದ ಮೂಳೆ ಮುರಿದಿತ್ತು. ಎಳೆದು ನಿಲ್ಲಿಸದೇ ಇದ್ದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಅದೇ ಡಾಕ್ಟರು ಮಾಷ್ಟ್ರ ಪಾದಕ್ಕೆ ಸೂಜಿಮೊನೆ ತಾಗಿಸಿ, "ಸ್ಪರ್ಶ ಇಲ್ಲದೆ ಎಷ್ಟು ಸಮಯ ಆಯ್ತು?" ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ.

"ಎರಡು ವರ್ಷ. ಸಕ್ಕರೆ ಕಾಯಿಲೆ." ನನ್ನ ಕಡೆ ನೋಡಲಿಲ್ಲ.

ಎರಡು ವರ್ಷ ಪ್ರತಿ ತಿಂಗಳೂ ಎಲ್ಲರ ಪರೀಕ್ಷೆ ಮಾಡಿದರು, ತಮ್ಮದನ್ನು ಮಾಡಲಿಲ್ಲ. ಅಮ್ಮನ ಪಕ್ಕದಲ್ಲಿ ಹಿಡಿಯಲು ಒಬ್ಬರು ನಿಲ್ಲಬೇಕಿತ್ತಲ್ಲ, ಆ ಒಬ್ಬರು ಅವರೇ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಅಮ್ಮ ಮಾತ್ರ ಮಂಚ ಬಿಟ್ಟು ಏಳಲಿಲ್ಲ. ಫಿಸಿಯೋಥೆರಪಿಯವರು ವಾಕರ್ ತಂದಿಟ್ಟು ಬೇಡಿಕೊಂಡರು. "ಎಲ್ಲ ತಿಳಿದವರೇ ಬಿದ್ದರು. ನಾನು ಏಳುವುದಿಲ್ಲ," ಎಂದು ಗೋಡೆ ಕಡೆ ತಿರುಗಿದಳು. ಹೀಗೇ ಮಲಗಿದರೆ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದರು. ರಾತ್ರಿ ನಾನು ಕಣ್ಣು ಮುಚ್ಚಿದರೆ ಆ ಶೂ ವಾಲುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ.

ಐದನೆಯ ವಾರ ಮಾಷ್ಟ್ರು ಕೋಲೂರಿಕೊಂಡು ಮನೆಗೆ ಬಂದರು. ನಾನು ಕೂತುಕೊಳ್ಳಿ ಎನ್ನಲಿಲ್ಲ.

"ಕಾಲಿನ ವಿಷಯ ಹೇಳಿದ್ರೆ ಯಾರೂ ಬರ್ಲಿಕ್ಕಿಲ್ಲ ಅಂತ ಹೇಳ್ಲಿಲ್ಲ," ಎಂದರು.

"ನಾನು ಬರ್ತಿದ್ದೆ," ಎಂದಳು ಅಮ್ಮ, ಗೋಡೆ ನೋಡುತ್ತಲೇ.

ಅವರು ಶೂ, ಕಾಲುಚೀಲ ಕಳಚಿದರು. ಮೇಜಿನ ಪಕ್ಕ ಬಂದು, "ನನ್ನ ಹಿಂದೆ ನಿಲ್ಲು. ಎಣಿಸು," ಎಂದರು ನನಗೆ. ಪಾದ ಜೋಡಿಸಿದರು, ಅಷ್ಟೇ. ಮೂರಕ್ಕೆ ವಾಲಿದರು, ನಾನು ಬೆನ್ನಿಗೆ ಕೈ ಕೊಟ್ಟು ಹಿಡಿದೆ.

"ಎಷ್ಟು?" ಅಮ್ಮ ತಿರುಗಿದ್ದಳು.

"ಮೂರು."

"ಮೂರೇ! ನಿಮ್ಮನ್ನು ನಂಬಿ ನಾನು ಬಿದ್ದದ್ದಲ್ವಾ ಮಾಷ್ಟ್ರೆ!" ಬೈದಳು, ಅತ್ತಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ಅಮ್ಮ ನನ್ನತ್ತ ಕೈ ಚಾಚಿದಳು. "ಆ ವಾಕರ್ ತಾ. ನನ್ನದೂ ನೋಡುವ. ಎಷ್ಟು ಉಂಟೋ ಅಲ್ಲಿಂದ ಶುರು."

ವಾಕರ್ ಹಿಡಿದು ಹನ್ನೊಂದು ಸೆಕೆಂಡು ನಿಂತಳು. ಎಣಿಸಿದ್ದು ಮಾಷ್ಟ್ರು.

ಅವರನ್ನು ನಾನಿನ್ನೂ ಕ್ಷಮಿಸಿಲ್ಲ. ಬಸ್ಸಿನಲ್ಲಿ ಸಿಕ್ಕರೆ ಎದ್ದು ಸೀಟು ಕೊಡುತ್ತೇನೆ, ಮಾತಾಡುವುದಿಲ್ಲ. ಅಮ್ಮ ಈಗ ಗೇಟಿನವರೆಗೆ ಹೋಗಿ ಬರುತ್ತಾಳೆ. ಅವಳು ಎದ್ದು ನಿಂತ ದಿನ ರಾತ್ರಿ ಮಲಗಿದ ನನಗೆ ಎಚ್ಚರವಾದದ್ದು ಮರುದಿನ ಮೊದಲ ಬಸ್ಸಿನ ಹಾರ್ನಿಗೆ.