ತಮ್ಮ ಬಿಟ್ಟ ಪಿಯುಸಿ

ಮಣಿಪಾಲದ ಆಸ್ಪತ್ರೆಯೊಂದರ ಸ್ಟೋರಿನಲ್ಲಿ ಕೆಲಸ ಖಾಲಿ ಇದೆಯೆಂದು ತಿಳಿದಾಗ ತಮ್ಮನನ್ನು ಒತ್ತಾಯಿಸಿ ಇಂಟರ್ವ್ಯೂಗೆ ಕರೆದುಕೊಂಡು ಹೋದವಳು ನಾನೇ. ವರ್ಷಗಟ್ಟಲೆ ಮಲ್ಪೆಯ ಬೋಟುಗಳಲ್ಲಿ ಬಲೆ ಎಳೆದು ಅವನ ಬಲಭುಜ ಸೋತಿತ್ತು. ಒಳಗೆ ಹೋದವನು ಅಷ್ಟೇ ಬೇಗ ಹೊರಗೆ ಬಂದ.

“ಎಂತ ಕೇಳಿದ್ರು?”

“ಪಿಯುಸಿ ಆಗಿದೆಯಾ ಕೇಳಿದ್ರು. ಇಲ್ಲ ಅಂದೆ. ಮತ್ತೆ ಎಂತ ಉಂಟು ಕೇಳ್ಲಿಕ್ಕೆ?” ಎಂದು ನಕ್ಕ. “ಬಾ ಅಕ್ಕ, ಚಾ ಕುಡಿಯುವ.”

ಚಾದ ದುಡ್ಡನ್ನೂ ಅವನೇ ಕೊಟ್ಟ.

ಎರ್ಮಾಳಿನ ನಮ್ಮ ಮನೆಗೆ ಇಬ್ಬರನ್ನೂ ಓದಿಸುವ ತ್ರಾಣ ಇರಲಿಲ್ಲ. ಅಪ್ಪ ಕಾಯಿಲೆ ಬಿದ್ದ ವರ್ಷ ನಾನು ಉಡುಪಿಯಲ್ಲಿ ಬಿ.ಎ. ಓದುತ್ತಿದ್ದೆ, ತಮ್ಮ ಕಾಪುವಿನಲ್ಲಿ ಪಿಯುಸಿ. “ಹುಡುಗ ಬೋಟಿಗೆ ಹೋದರೆ ನಾಳೆಯೇ ದುಡಿಮೆ. ಹುಡುಗಿಯನ್ನು ಯಾವ ಬೋಟಿಗೆ ಹತ್ತಿಸ್ತಾರೆ? ಅವಳು ಕಲಿಯಲಿ,” ಎಂದಳು ಅಮ್ಮ. ಮೀನಿನ ಬುಟ್ಟಿ ಹೊರುವುದು ತನ್ನ ಕಾಲಕ್ಕೇ ಮುಗಿಯಲಿ ಎಂಬ ಆಸೆ ಅವಳದು. ತಮ್ಮ ಎದುರಾಡದೆ ಹೊರಟ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಓದು ಬಿಡುತ್ತೇನೆ ಎನ್ನುತ್ತಿರಲಿಲ್ಲವಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಈಗ ಕಾರ್ಕಳದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹೆಣ್ಣು ಕಲಿತರೆ ಮಕ್ಕಳ ಆರೋಗ್ಯ ಸುಧಾರಿಸುತ್ತದೆ, ಮನೆಯ ಆದಾಯ ಏರುತ್ತದೆ, ದೇಶ ಬೆಳೆಯುತ್ತದೆ ಎಂದು ತಮ್ಮನ ಇಂಟರ್ವ್ಯೂ ಆದ ವಾರ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

“ಮೇಡಂ, ಅಣ್ಣ ಹತ್ತನೇ ಕ್ಲಾಸಿಗೇ ಬಿಟ್ಟು ಗಲ್ಫಿಗೆ ಹೋದ. ಅವನ ದುಡಿಮೆಯಲ್ಲಿ ನಾನು ಓದುವುದು. ಹುಡುಗರು ಕಲಿಯದಿದ್ದರೆ ದೇಶಕ್ಕೆ ನಷ್ಟ ಇಲ್ವಾ?”

“ಉಂಟು. ಇಬ್ಬರೂ ಕಲಿಯಬೇಕು,” ಎಂದೆ, ಅವಳ ಮುಖ ನೋಡಲಾಗದೆ.

ಆ ಭಾನುವಾರವೇ ತಮ್ಮನ ಮನೆಗೆ ಹೋದೆ. “ಪಿಯುಸಿ ಪರೀಕ್ಷೆಗೆ ಈಗ ಕಟ್ಟು. ನಾನು ಕಲಿಸ್ತೇನೆ.”

“ಹೈಸ್ಕೂಲಿಗೆ ಹೋಗುವ ಮಗಳು ನಗಾಡ್ತಾಳೆ ಅಕ್ಕ!”

ಆದರೂ ಕಟ್ಟಿದ. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದಷ್ಟು ದಿನ ಸಂಜೆ ಜೊತೆಗೆ ಕೂತೆವು. ಉಳಿದ ವಿಷಯಗಳನ್ನು ಹೇಗೋ ಹಿಡಿದ; ಇಂಗ್ಲಿಷ್ ತೆರೆದರೆ ತೂಕಡಿಕೆ. ಒಮ್ಮೆ ಗದರಿಬಿಟ್ಟೆ. ಅವನು ಕಣ್ಣುಜ್ಜಿಕೊಂಡು ಮೆಲ್ಲಗೆ ಹೇಳಿದ:

“ನಿನಗೆ ಸಮಾಧಾನ ಆಗ್ಲಿ ಅಂತ ಕೂತದ್ದು ಅಕ್ಕ. ನನಗೆ ನಿನ್ನ ಮೇಲೆ ಸಿಟ್ಟು ಯಾವತ್ತೂ ಇರ್ಲಿಲ್ಲ.”

ಸಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದು ಹೋಯಿತು. ಆ ಸ್ಟೋರಿನ ಕೆಲಸವೂ ಬೇರೆಯವರ ಪಾಲಾಗಿತ್ತು. ಅವನು ಮತ್ತೆ ಬೋಟಿಗೆ ಹೋಗುತ್ತಿದ್ದಾನೆ. ಇನ್ನೊಮ್ಮೆ ಕಟ್ಟಲು ಒಪ್ಪಿದ್ದಾನೆ. ಆದರೆ ಕಲಿಸಲು ನಾನು ಬೇಡವಂತೆ, ಮಗಳು ಸಾಕಂತೆ. ಅವಳು ಗದರುವುದಿಲ್ಲ.