ಮೀನಿಗೂ ಮಗ್ಗಕ್ಕೂ ಒಪ್ಪುವ ಪಂಪು

ಮೀನಿನ ಗಾಜಿನ ಪೆಟ್ಟಿಗೆಯನ್ನು ಮನೆಗೆ ತಂದವಳು ನಾನು. ಎಪ್ಪತ್ತರ ದಶಕದ ಮೊದಲ ವರ್ಷಗಳು, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ತಂಗಿಗೆ ಕಾಲಿನ ಆಪರೇಷನ್ ಆಗಿ, ತಿಂಗಳುಗಟ್ಟಲೆ ನೆಲಕ್ಕೆ ಕಾಲೂರಬಾರದೆಂದು ಡಾಕ್ಟರು ಹೇಳಿದ್ದರು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಂಚ ಹಿಡಿಸುವ ಜಾಗವೆಂದರೆ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ ನಡುಮನೆ ಮಾತ್ರ. ಅಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ ಹುಡುಗಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹಾಸ್ಟೆಲು ಬಿಟ್ಟು ಹೋಗುತ್ತಿದ್ದ ಗೆಳತಿಯೊಬ್ಬಳು ಪೆಟ್ಟಿಗೆ, ನಾಲ್ಕು ಕೆಂಪು ಮೀನು, ಒಂದು ಹಳೇ ಪಂಪು ಕೊಟ್ಟಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ತಂಗಿ ಈ ಕಡೆ ಹೊರಳಿದಳು. ಕೆಲವೇ ದಿನಗಳಲ್ಲಿ ಮಂಚದ ಮೇಲೇ ಕೂತು ಲಾಳಿಯೊಳಗೆ ಕೂರಿಸುವ ಪುಟ್ಟ ಕೊಳವೆ, ಕಂಡಿಕೆಗೆ ನೂಲು ಸುತ್ತುತ್ತ, ಮೀನುಗಳನ್ನು ಗದರಿಸತೊಡಗಿದಳು. ಕೌದಳ್ಳಿಯಿಂದ ಬಂದ ಅತ್ತೆ, "ಸಾರಿಗಾಗ್ದ ಮೀನ್ಗೆ ಕರೆಂಟ್ ಬೇರೆ!" ಎಂದರೆ ತಂಗಿ ನಕ್ಕಳು. ಆ ನಗುವನ್ನು ನಾನೇ ಕೇಳಿದೆನೋ, ಅವ್ವ ಆಮೇಲೆ ಹೇಳಿದ್ದೋ, ಈಗ ಖಚಿತವಿಲ್ಲ.

ತೊಂದರೆಯಾದದ್ದು ಪಂಪಿನಿಂದ. ಲಾಳಿಯಲ್ಲಿ ನೂಲು ತೀರುತ್ತ ಬಂದಾಗ ಅದರ ಓಟದ ಸದ್ದು ತೆಳುವಾಗುತ್ತದೆ. ಅಪ್ಪನ ಕಿವಿ ಅದನ್ನು ಹಿಡಿದು ಕೈಯನ್ನು ನಿಲ್ಲಿಸುತ್ತಿತ್ತು. ಪಂಪಿನ ಗುಂಯ್‌ಗುಡುವಿಕೆಯಲ್ಲಿ ಆ ಸದ್ದು ಮುಚ್ಚಿಹೋಗಿ, ಅಂಚಿನ ಬುಟ್ಟಾ ತಪ್ಪಿತು. ಬಿಚ್ಚಿ ಮತ್ತೆ ನೇಯಬೇಕಾಯಿತು. ನಾನು ರಜೆಗೆ ಬಂದಿದ್ದ ಆ ಬೇಸಿಗೆಯಲ್ಲಿ ಪಂಪು ನಿಲ್ಲಿಸಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಅವ್ವ ಒಂದು ಉಪಾಯ ಮಾಡಿದಳು. ಮಗ್ಗದ ಕೆಳಗೆ ಬಿದ್ದ ರೇಷ್ಮೆ ನೂಲಿನ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿ, ಕೂಸಿಗೆ ಕುಲಾವಿ ಹಾಕುವ ಹಾಗೆ ಪಂಪಿನ ಸುತ್ತ ಹೊಲಿದಳು. ಸದ್ದು ಅಡಗಿತು. ಮಧ್ಯಾಹ್ನದ ಹೊತ್ತಿಗೆ ಕೂದಲು ಸುಟ್ಟ ವಾಸನೆ.

"ಯಾರವ್ವ ಅದು, ಅಸಲಿ ರೇಷ್ಮೆನಾ ಅಂತ ಸುಟ್ಟು ನೋಡ್ತಿರೋರು?" ಎಂದ ಅಪ್ಪ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಏಳುತ್ತ. ರೇಷ್ಮೆಯೊಳಗೆ ಬೆಚ್ಚಗೆ ಕೂತ ಪಂಪು ಕಾದು ಸತ್ತೇಹೋಗಿತ್ತು.

"ಅಸಲಿನೇ ಕಣ, ನಿನ್ ಮಗ್ಗದ್ದೇ," ಎಂದಳು ಅವ್ವ.

ನಗು ಮುಗಿದ ಮೇಲೆ ಅಪ್ಪ ತಂಗಿಯ ಮುಖ ನೋಡಿ, "ಸದ್ದಿಲ್ದೆ ಇರೋದು ಸಿಕ್ರೆ ಮಡಿಕೊಳವ. ಸಿಕ್ನಿಲ್ಲ ಅಂದ್ರೆ ಮೀನ್ನ ಬೇರೇರ್ಗೆ ಕೊಟ್ಬುಡದು ಕಣವ್ವ. ಸೀರೆ ಕೆಟ್ರೆ ಉಣ್ಣದೇನ?" ಎಂದ. ಅವಳು ಸುಮ್ಮನೆ ತಲೆಯಾಡಿಸಿ ಗೋಡೆ ಕಡೆ ತಿರುಗಿದಳು.

ಮಾರನೆಯ ದಿನವೇ ಮೈಸೂರಿಗೆ ಹೋದೆವು, ಅಪ್ಪ ಮತ್ತು ನಾನು. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಇರುವುದು "ಮೈಸೂರು, ಪಂಪು, ತಲೆನೋವು" ಎಂದಷ್ಟೇ; ಉಳಿದದ್ದಕ್ಕೆ ನನ್ನ ನೆನಪೇ ಹೊಣೆ.

ಅಂಗಡಿಯವರು ದೊಡ್ಡದೊಂದನ್ನು ಎತ್ತಿಟ್ಟರು. "ಇದು ನಾಲ್ಕು ಪೆಟ್ಟಿಗೆಗೆ ಗಾಳಿ ಕೊಡುತ್ತೆ, ಯಜಮಾನ್ರೇ."

"ನಮ್ದು ಒಂದೇ ಪೆಟ್ಗೆ ಸಾ. ಮಿಕ್ಕಿದ್ ಗಾಳಿ ನಾವು ಕುಡ್ಯದಾ?"

ಅತಿ ಸಣ್ಣದಕ್ಕೆ ಸದ್ದೇ ಇರಲಿಲ್ಲ. ಅಪ್ಪನಿಗೆ ಅದೇ ಹಿಡಿಸಿತು. ನಾನು ಅದರ ನಳಿಕೆಯನ್ನು ನೀರು ತುಂಬಿದ ಜಾಡಿಯ ತಳಕ್ಕೆ ಬಿಡಿಸಿದೆ. ಒಂದೊಂದೇ ಗುಳ್ಳೆ ಸೋಮಾರಿಯಂತೆ ಮೇಲೆ ಬಂತು, ನೀರು ಅಲುಗಲಿಲ್ಲ. "ಇದು ಮೀನನ್ನೂ ಸುಮ್ಮನಾಗಿಸುತ್ತೆ ಅಪ್ಪ," ಎಂದೆ. ಮೂರನೆಯದು ತಳದ ನೀರನ್ನು ಮೇಲಕ್ಕೆಬ್ಬಿಸಿ ಸುತ್ತ ತಿರುಗಿಸುತ್ತಿತ್ತು. ಗಾಜಿನ ಮೇಜಿನ ಮೇಲೆ ಗುರುಗುಟ್ಟಿತು. ಅಪ್ಪ ಅದನ್ನು ಟವಲಿನಲ್ಲಿ ಜೋಳಿಗೆ ಮಾಡಿ ಎತ್ತಿ ಹಿಡಿದ. ಸದ್ದು ಅರ್ಧಕ್ಕಿಳಿಯಿತು. "ಮೇಜೂ ಜತೇಲಿ ಮಾತಾಡ್ತಿತ್ತು," ಎಂದು ಅದರ ಬೆನ್ನ ಮೇಲೆ ಅಂಗೈಯಿಟ್ಟು ಸ್ಟೂಲಿನ ಮೇಲೆ ಕೂತೇಬಿಟ್ಟ.

"ಎಷ್ಟೊತ್ತು ಹಿಡ್ಕೊಂಡಿರ್ತೀರಿ?"

"ಬಿಸಿ ಆದದಾ ಅಂತ ನೋಡಗಂಟ. ನೀವು ಯಾಪಾರ ಮಾಡಿ ಸಾ."

ಬೇರೆ ಗಿರಾಕಿಗಳು ಬಂದರು, ಹೋದರು. ನನಗೆ ಸ್ವಲ್ಪ ನಾಚಿಕೆಯಾಯಿತು. ಕೊನೆಗೆ ಅಪ್ಪ ಕೈ ತೆಗೆದು, "ಬೆಚ್ಗದೆ ಅಷ್ಟೆ. ಜ್ವರ ಇಲ್ಲ," ಎಂದ.

ಮನೆಯಲ್ಲಿ ಅದನ್ನು ಮಗ್ಗದ ಹುರಿಯಿಂದ ತೊಲೆಗೆ ತೂಗುಹಾಕಿದ. ಎಲ್ಲ ಕಡೆಯಿಂದಲೂ ಗಾಳಿಯಾಡುವಂತೆ, ಯಾವುದಕ್ಕೂ ತಾಗದಂತೆ. ಅವ್ವ ಸೂಜಿ ದಾರ ಮುಟ್ಟಲಿಲ್ಲ. ಅಪ್ಪ ಗುಂಡಿಗಿಳಿದು ನೇಯತೊಡಗಿದ. ತಂಗಿ ಅಪ್ಪನನ್ನೇ ನೋಡುತ್ತಿದ್ದಳು, ಮೀನುಗಳನ್ನಲ್ಲ.

ಒಮ್ಮೆಲೇ ಮಗ್ಗ ನಿಂತಿತು. ಅವಳ ಮುಖ ಕಳೆಗುಂದಿತು.

"ಕೇಳಿಸ್ತಾ ಅದಾ ಅಪ್ಪ?"

"ಏನು?"

"ಪಂಪು."

"ಯಾವ್ ಪಂಪು? ಲಾಳಿ ಬರಿದಾಯ್ತಾ ಅದೆ, ಇನ್ನೊಂದ್ ಕಂಡ್ಕೆ ಕೊಡವ್ವ."

ಅವಳು ಬುಟ್ಟಿಯಿಂದ ಕಂಡಿಕೆ ಆರಿಸಿ, ಮಂಚದಿಂದ ಬಾಗಿ, ಅವನ ಕೈಗಿಟ್ಟಳು.

ಬಾಗಿಲ ಬಳಿ ನಿಂತಿದ್ದ ನನಗೆ ಪಂಪಿನ ಸಣ್ಣ ಸದ್ದು ಕೇಳಿಸುತ್ತಿತ್ತು ಎಂದೇ ನನ್ನ ನೆನಪು. ಹಾಗಾದರೆ ಅಪ್ಪನಿಗೂ ಕೇಳಿಸಿರಲೇಬೇಕು. ತಂಗಿಯನ್ನು ಕೇಳಿದರೆ, ಏನೂ ಕೇಳಿಸುತ್ತಿರಲಿಲ್ಲ, ನಿನ್ನ ಕಿವಿಯದ್ದೇ ತಪ್ಪು ಎನ್ನುತ್ತಾಳೆ. ಮಗ್ಗ ಮತ್ತೆ ಶುರುವಾದದ್ದು, ಅವಳು ಗೋಡೆ ಕಡೆ ತಿರುಗದೆ ಮುಂದಿನ ಕಂಡಿಕೆ ಸುತ್ತಲು ಕೂತದ್ದು, ಇವೆರಡರ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ನೆನಪಿಗೂ ಜಗಳವಿಲ್ಲ.