ಈನಕ್ ಸತ್ತ ತಾರೀಕು

ಏವರ್‌ಥಾರ್ಪ್ ದೊರೆಗಳ ಮನೆತನ ನಮ್ಮ ಯಾರ್ಕ್‌ಷೈರ್ ಸೀಮೆಯಲ್ಲಿ ಐದು ತಲೆಮಾರು ಕಲ್ಲಿದ್ದಲು ತೆಗೆಸಿತು. ಗಣಿ ಅವರದು, ಬೀದಿ ಅವರದು, ನಾವು ಮಲಗುವ ಮನೆಯೂ ಅವರದೇ. ಇಷ್ಟು ಹೇಳಿದರೆ ಅವರ ಚರಿತ್ರೆ ಮುಗಿಯಿತು. ನಾನು ಹೇಳಹೊರಟಿರುವುದು ಪಕ್ಕದ ಮನೆಯ ಕೆಜಾಯ ಥ್ಯಾಕ್ರಾಳ ಕಥೆ.

ಅವಳ ಗಂಡ ಈನಕ್ ಇನ್ನೂ ಹನ್ನೊಂದು ಜನರ ಜೊತೆ ಗಣಿಯೊಳಗಿದ್ದಾಗ ಬೆಂಕಿ ಬಿತ್ತು. ಅವತ್ತು ಮಾರ್ಚ್ ಎರಡು. ಬೆಂಕಿ ಆರಲಿಲ್ಲ. ಇದ್ದಲೆಲ್ಲ ಸುಟ್ಟುಹೋದೀತೆಂದು ಐದನೇ ತಾರೀಕು ದೊರೆಗಳು ಒಳಗೆ ಗಾಳಿ ಹೋಗದಂತೆ ಗಣಿಯ ಬಾಯಿಗೆ ಹಲಗೆ ಮುಚ್ಚಿಸಿ, ಮೇಲೆ ಜೇಡಿಮಣ್ಣು ಮೆತ್ತಿಸಿದರು. ಒಳಗೆ ಯಾರೂ ಬದುಕಿಲ್ಲ ಎಂದರು. ಇಳಿದು ನೋಡಿದವರು ಯಾರೂ ಇರಲಿಲ್ಲ. ಆ ಗಣಿಯನ್ನು ಮತ್ತೆ ತೆರೆಯಲೇ ಇಲ್ಲ.

ಕೆಜಾಯ ಅಳಲಿಲ್ಲ. ಪಾಳಿ ಬಿಡುವ ಹೊತ್ತಿಗೆ ದಿನವೂ ಒಲೆಯ ಮುಂದೆ ತಗಡಿನ ತೊಟ್ಟಿ ಎಳೆದು, ಗಂಡನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. "ಯಾವ ಮಹಾರಾಯನಿಗೇ ಈ ನೀರು?" ಎಂದು ಒಮ್ಮೆ ನಾನೇ ರೇಗಿಸಿದೆ. ನನ್ನ ನಾಲಿಗೆ ಸೇದಿಹೋಗ!

"ಹಳೇ ಸುರಂಗದ ಕಡೆ ಓಡಿರ್ತಾನೆ ಕಣೇ ಡಾರ್ಕಸ್. ಅಲ್ಲಿ ಗಾಳಿ ಆಡುತ್ತೆ. ಮೂರು ದಿನ ಏನು, ವಾರ ತಡ್ಕೊಳ್ಳೋ ಗಂಡಸು ಅವನು," ಎಂದಳು.

ಆಮೇಲೆ ಬೀದಿಯವರು ಅವಳ ಮನೆಗೆ ಹೋಗುವುದನ್ನೇ ಬಿಟ್ಟರು. ಆ ಮಾತು ಕೇಳುವ ಧೈರ್ಯ ನಮಗಿರಲಿಲ್ಲ.

ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು, ಸಂತ ಥಾಮಸನ ದಿನ, ಊರಿನ ವಿಧವೆಯರು ದೊಡ್ಡ ಮನೆಯ ಹಿಂಬಾಗಿಲಲ್ಲಿ ಸಾಲು ನಿಲ್ಲುವುದು ವಾಡಿಕೆ. ದೊರೆಸಾನಿ ದನದ ಮಾಂಸ, ಕೆಂಪು ಉಣ್ಣೆಬಟ್ಟೆ ಕೊಡುತ್ತಾಳೆ. ಪಾರುಪತ್ಯಗಾರ ಪಿಲ್ಲಿಂಗ್ ಹೆಸರು ಬರೆದುಕೊಳ್ಳುತ್ತಾನೆ. ಪಟ್ಟಿಯಲ್ಲಿರುವವಳಿಗೆ ಮನೆ ಉಳಿಯುತ್ತದೆ, ಇಲ್ಲದವಳು ಗಂಟುಮೂಟೆ ಕಟ್ಟಬೇಕು. ಗಂಡ ಕೆಮ್ಮಿ ಕೆಮ್ಮಿ ಸತ್ತ ಮೇಲೆ ನಾನೂ ಆ ಸಾಲಿನವಳೇ.

ಎರಡು ವರ್ಷ ಕೆಜಾಯ ಅತ್ತ ಸುಳಿಯಲಿಲ್ಲ. ಮೂರನೇ ವರ್ಷ ಮನೆ ಬಿಡಲು ನೋಟೀಸು ಬಂತು.

"ಅಲ್ಲಿ ಹೋಗಿ ನಿಂತ್ರೆ ಅವನನ್ನ ನಾನೇ ಸಾಯ್ಸಿದಂಗೆ."

"ಈ ಚಳೀಲಿ ಬೀದಿಗೆ ಬಿದ್ರೆ ನೀನೂ ಸಾಯ್ತೀಯ. ಸುಮ್ನೆ ಬಾರೇ," ಎಂದು ಕೈ ಹಿಡಿದು ಎಳೆದುಕೊಂಡು ಹೋದೆ.

ಅವಳ ಸರದಿ ಬಂತು. ಮಾಂಸ ಕೈಗೆ ಬಿತ್ತು. ಪಿಲ್ಲಿಂಗ್ ತಲೆಯೆತ್ತದೆ, "ಈನಕ್ ಥ್ಯಾಕ್ರಾ. ಸತ್ತದ್ದು ಮಾರ್ಚ್ ಎರಡು," ಎಂದು ಬರೆಯತೊಡಗಿದ.

"ಎರಡು ಅಂತ ನಿಮಗೆ ಹೆಂಗೆ ಗೊತ್ತು ಸ್ವಾಮಿ? ಐದು ಅಂತ ಬರೀರಿ."

ಪಿಲ್ಲಿಂಗ್ ದೊರೆಸಾನಿಯ ಮುಖ ನೋಡಿದ. ಐದು ಎಂದು ಬರೆದರೆ ಕೊಂದದ್ದು ಬೆಂಕಿಯಲ್ಲ, ದೊರೆಗಳ ಜೇಡಿಮಣ್ಣು. "ಎಲ್ಲರಿಗೂ ಎರಡೇ ಬರ್ದಿರೋದು ಕಣಮ್ಮ. ಹಿಂದೆ ಜನ ಕಾಯ್ತಿದಾರೆ, ನಡಿ ನಡಿ."

ಕೆಜಾಯ ಮಾಂಸವನ್ನು ಅವನ ಮೇಜಿನ ಮೇಲಿಟ್ಟು ನಮ್ಮ ಕಡೆ ತಿರುಗಿದಳು.

"ಮಣ್ಣು ಮೆತ್ತೋವಾಗ ನೀವೆಲ್ಲ ಅಲ್ಲೇ ಇದ್ರಲ್ಲ. ಕೆಳಗಿಂದ ಕಬ್ಬಿಣ ಬಡಿಯೋ ಸದ್ದು ಬರ್ತಿತ್ತೋ ಇಲ್ವೋ? ಒಬ್ಬಳಾದ್ರೂ ಹೇಳ್ರೇ."

ಸಾಲಿನಲ್ಲಿ ಇಪ್ಪತ್ತಮೂರು ಹೆಂಗಸರಿದ್ದೆವು. ಎಲ್ಲರಿಗೂ ಮನೆ ಬೇಕಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬರಿಗೈಯಲ್ಲಿ ಹೊರಟುಹೋದಳು. ಜನವರಿಯಲ್ಲಿ ಮನೆ ಖಾಲಿ ಮಾಡಿಸಿದರು. ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದು.

ಆ ಸದ್ದು ನನಗೆ ಕೇಳಿಸಿತ್ತು. ನಾನಿನ್ನೂ ದೊರೆಗಳು ಕೊಟ್ಟ ಮನೆಯಲ್ಲೇ ಇದ್ದೇನೆ.